ಇಂಪ್ಲಾಂಟ್ ಹಲ್ಲಿಗೆ ಕಾಂಪೋಸಿಟ್: ಲ್ಯಾಬ್ ಮೇಜಿನಿಂದ ಒಂದು ವಿಮರ್ಶೆ

ಮೇಲ್ದವಡೆಯ ನಡುವಿನ ಒಂದೇ ಒಂದು ಬಾಚಿಹಲ್ಲನ್ನು ಇಂಪ್ಲಾಂಟ್ (ದವಡೆಯ ಮೂಳೆಯಲ್ಲಿ ಕೂರಿಸುವ ಲೋಹದ ಕೃತಕ ಬೇರು) ಮೇಲೆ ಕಟ್ಟಿಕೊಡುವುದು ದಂತ ತಂತ್ರಜ್ಞರ ಪಾಲಿಗೆ ಬರುವ ಕೆಲಸಗಳಲ್ಲೆಲ್ಲ ಕಠಿಣವಾದದ್ದು. ಅದರ ಜೋಡಿ ಹಲ್ಲು ಪಕ್ಕದಲ್ಲೇ ನಿಂತಿರುತ್ತದೆ, ನಾವು ಮಾಡಿದ ಪ್ರತಿಯೊಂದು ತಪ್ಪನ್ನೂ ಎತ್ತಿ ತೋರಿಸುತ್ತಿರುತ್ತದೆ. ಇಂಥ ಹಲ್ಲುಗಳಿಗೆ ನಾನು ಹಲವು ವರ್ಷ ಪಿಂಗಾಣಿಯನ್ನೇ ನಂಬಿದ್ದೆ. ಈಚಿನ ವರ್ಷಗಳಲ್ಲಿ ಕಾಂಪೋಸಿಟ್, ಅಂದರೆ ರಾಳದಲ್ಲಿ ಸಣ್ಣ ಕಣಗಳನ್ನು ಬೆರೆಸಿ ಮಾಡಿದ ವಸ್ತುಗಳ ನೋಟ ಸುಧಾರಿಸುತ್ತ ಬಂದಂತೆ ಅವುಗಳತ್ತ ಹೊರಳಿದ್ದೇನೆ. ಪದರ ಪದರವಾಗಿ ಹಚ್ಚಿ ಬೆಳಕಿನಿಂದ ಗಟ್ಟಿಗೊಳಿಸುವ ಲ್ಯಾಬ್ ಕಾಂಪೋಸಿಟ್, ಯಂತ್ರದಲ್ಲಿ ಕೊರೆದು ತೆಗೆಯುವ ಹೈಬ್ರಿಡ್ ಸೆರಾಮಿಕ್ ಬ್ಲಾಕ್ ಮತ್ತು ತ್ರೀಡಿ ಮುದ್ರಣದ ರಾಳ, ಈ ಮೂರು ಬಗೆಗಳನ್ನು ಇಲ್ಲಿ ತೂಗಿ ನೋಡಿದ್ದೇನೆ. ನನ್ನ ಅಳತೆಗೋಲು ಮುಖ್ಯವಾಗಿ ನೋಟ. ಗಟ್ಟಿತನ, ಅಂಟು, ಸವೆತ ಇವೆಲ್ಲ ಆ ನೋಟ ಎಷ್ಟು ಕಾಲ ಉಳಿಯುತ್ತದೆ ಎಂಬ ಮಟ್ಟಿಗೆ ಮಾತ್ರ ಇಲ್ಲಿ ಬರುತ್ತವೆ.

ಮೊದಲೇ ಹೇಳಿಬಿಡುತ್ತೇನೆ: ಬಣ್ಣವನ್ನು ಹೊಂದಿಸುವ ಕೆಲಸದಲ್ಲಿ ಈ ಮೂರೂ ಬಗೆಗಳು ಬಹುಮಟ್ಟಿಗೆ ಗೆದ್ದಿವೆ, ಬೆಳಕನ್ನು ಹೊಂದಿಸುವ ಕೆಲಸದಲ್ಲಿ ಒಂದು ಮಾತ್ರ ಗೆಲುವಿನ ಹತ್ತಿರ ಬಂದಿದೆ. ಹಲ್ಲಿನ ಬಣ್ಣ ಹೋಲಿಸುವ ಶೇಡ್ ಪಟ್ಟಿಯ ಎ2 ತುಂಡಿನ ಪಕ್ಕದಲ್ಲಿಟ್ಟಾಗ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದ ಕ್ರೌನ್ (ಇಂಪ್ಲಾಂಟ್ ಮೇಲೆ ಕೂರುವ ಕೃತಕ ಹಲ್ಲು) ಬಾಯಿಯೊಳಗೆ ಹೋದ ಕೂಡಲೇ ಮಂಕಾಗಿ, ಸುಣ್ಣ ಬಳಿದ ಗೋಡೆಯಂತೆ ಕಾಣುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೆ ಕಾರಣ ಕ್ರೌನಿನ ಮೇಲ್ಮೈಯಲ್ಲಿಲ್ಲ, ಅದರ ಕೆಳಗಿದೆ.

ಸಹಜ ಹಲ್ಲಿನ ಮೇಲೆ ಬಿದ್ದ ಬೆಳಕು ಹೊರಪದರವಾದ ಎನಾಮೆಲನ್ನು ದಾಟಿ, ಅದರೊಳಗಿನ ಡೆಂಟಿನ್‌ನಲ್ಲಿ ಚದುರಿ, ಒಂದಂಶ ಹೊರಗೆ ಮರಳುತ್ತದೆ, ಇನ್ನೊಂದಂಶ ಬೇರಿನತ್ತ ಇಳಿದು ಒಸಡನ್ನು ಒಳಗಿನಿಂದ ಬೆಳಗುತ್ತದೆ. ಆರೋಗ್ಯವಂತ ಹಲ್ಲಿನ ಕುತ್ತಿಗೆಯ ಬಳಿ ಒಸಡು ತುಸು ಬೆಚ್ಚಗಿನ ಗುಲಾಬಿಯಾಗಿ ಕಾಣುವುದರಲ್ಲಿ ಈ ಒಳಬೆಳಕಿನ ಪಾಲೂ ಇದೆ. ಇಂಪ್ಲಾಂಟ್‌ನಲ್ಲಿ ಆ ದಾರಿ ಲೋಹಕ್ಕೆ ತಾಗಿ ನಿಂತುಹೋಗುತ್ತದೆ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೂಳೆ ಟೈಟಾನಿಯಂನೊಂದಿಗೆ ಬೆಸೆದುಕೊಳ್ಳುವುದನ್ನು ಕಂಡುಕೊಂಡು, 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಇಟ್ಟಾಗ, ಹಲ್ಲುಗಳೇ ಇಲ್ಲದವನು ಮತ್ತೆ ಅಗಿಯುವಂತಾಗುವುದೇ ದೊಡ್ಡ ಸಂಗತಿಯಾಗಿತ್ತು. ಆ ಲೋಹದ ಬೂದು ಛಾಯೆಯ ಬಗ್ಗೆ ಯೋಚಿಸುವ ಅಗತ್ಯ ಆಗ ಇರಲಿಲ್ಲ. ಒಂಟಿ ಮುಂಹಲ್ಲಿಗೂ ಇಂಪ್ಲಾಂಟ್ ಬಳಕೆಯಾಗತೊಡಗಿದ ಮೇಲೆ ಆ ಬೂದು ಒಂದು ಸಮಸ್ಯೆಯಾಯಿತು. ಹಂದಿಯ ದವಡೆಯ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಸಡು 3 ಮಿಲಿಮೀಟರ್ ದಪ್ಪವಿದ್ದಾಗ ಅಡಿಯಲ್ಲಿರುವ ವಸ್ತು ಯಾವುದೇ ಆಗಿರಲಿ, ಬಣ್ಣದ ಬದಲಾವಣೆ ಮನುಷ್ಯರ ಕಣ್ಣಿಗೆ ಕಾಣುವಷ್ಟಿರಲಿಲ್ಲ. 2 ಮಿಲಿಮೀಟರ್‌ಗೆ ಇಳಿದಾಗ ಟೈಟಾನಿಯಂ ತೋರತೊಡಗಿತು, ಬಿಳಿ ಸೆರಾಮಿಕ್ ಆದ ಜಿರ್ಕೋನಿಯಾ ತೋರಲಿಲ್ಲ. ತೆಳು ಒಸಡಿನವರ ಮುಂಹಲ್ಲಿಗೆ ನಾವು ಪಡುವ ಪಾಡೆಲ್ಲ ಈ ಒಂದು ಮಿಲಿಮೀಟರಿನಲ್ಲಿ ಅಡಗಿದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಾಂಪೋಸಿಟ್‌ನ ಒಳಗೆ ಇಣುಕಬೇಕು. ಅಮೆರಿಕದ ದಂತ ಸಂಶೋಧಕ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ಎಂಬ ರಾಳ ಇಂದಿಗೂ ಈ ವಸ್ತುಗಳಲ್ಲಿ ಅನೇಕದರ ಬೆನ್ನೆಲುಬು. ಅದರಲ್ಲಿ ಗಾಜಿನ ಅಥವಾ ಸಿಲಿಕಾದ ಕಣಗಳನ್ನು ಬೆರೆಸಿ, ಸೈಲೇನ್ ಎಂಬ ರಾಸಾಯನಿಕದ ಮೂಲಕ ಕಣವನ್ನೂ ರಾಳವನ್ನೂ ಬಂಧಿಸಿದರೆ ಅದು ಕಾಂಪೋಸಿಟ್. ನೋಟವನ್ನು ನಿರ್ಧರಿಸುವುದು ಕಣಕ್ಕೂ ರಾಳಕ್ಕೂ ನಡುವಿನ ಗಡಿ. ಎರಡರ ವಕ್ರೀಭವನ ಸೂಚ್ಯಂಕ (ವಸ್ತು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಒಂದೇ ಆಗಿದ್ದರೆ ಬೆಳಕಿಗೆ ಗಡಿಯೇ ಗೊತ್ತಾಗದೆ ನೇರ ಹಾದುಹೋಗುತ್ತದೆ, ವಸ್ತು ಗಾಜಿನಂತೆ ಕಾಣುತ್ತದೆ. ಅಂತರ ಹೆಚ್ಚಿದಷ್ಟೂ ಬೆಳಕು ಚದುರಿ ವಸ್ತು ಹಾಲಿನಂತಾಗುತ್ತದೆ. ಬಿಸ್-ಜಿಎಂಎಯ ಸೂಚ್ಯಂಕ ಸುಮಾರು 1.55, ಅದನ್ನು ತೆಳುಗೊಳಿಸಲು ಸೇರಿಸುವ ಟೆಗ್ಡಿಎಂಎಯದು ಸುಮಾರು 1.46, ಸಿಲಿಕಾದ್ದೂ ಅದೇ ಆಸುಪಾಸು, ಬೇರಿಯಂ ಗಾಜಿನದು ಅದಕ್ಕಿಂತ ಮೇಲೆ. ಈ ಅಂಕಿಗಳನ್ನು ಹದವಾಗಿ ಬೆರೆಸಿ ಒಂದೆಡೆ ಡೆಂಟಿನ್‌ನ ಮಂದ ಹಾಲ್ಬಣ್ಣವನ್ನೂ ಇನ್ನೊಂದೆಡೆ ಎನಾಮೆಲಿನ ಸ್ವಚ್ಛತೆಯನ್ನೂ ಪಡೆಯುವುದು ನಿಜವಾದ ಕಸುಬು. ಗಟ್ಟಿಯಾಗುವಾಗ ರಾಳದ ಸೂಚ್ಯಂಕ ಏರುವುದರಿಂದ ಹಸಿಯಾಗಿ ನೋಡಿದ ನೋಟವೂ ಬೆಳಕು ಹಾಯಿಸಿದ ನಂತರದ ನೋಟವೂ ಒಂದಾಗಿರುವುದಿಲ್ಲ. ಹೊಸಬರು ಇಲ್ಲಿ ಎಡವುತ್ತಾರೆ, ನಾನೂ ಎಡವಿದ್ದೇನೆ.

ಕಣದ ಗಾತ್ರವೂ ಅಷ್ಟೇ ಮುಖ್ಯ. ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್. ಅದಕ್ಕಿಂತ ಬಹಳ ಚಿಕ್ಕದಾದ, ಅಂದರೆ 20 ನ್ಯಾನೋಮೀಟರ್ ಆಸುಪಾಸಿನ ಕಣಗಳು ಬೆಳಕಿಗೆ ಹೆಚ್ಚು ಅಡ್ಡ ಬರುವುದಿಲ್ಲ. ಹೀಗಾಗಿ ನ್ಯಾನೋ ಕಾಂಪೋಸಿಟ್‌ಗಳಲ್ಲಿ ಫಿಲ್ಲರ್ (ರಾಳದಲ್ಲಿ ತುಂಬಿದ ಕಣ) ಹೇರಳವಾಗಿದ್ದರೂ ಎನಾಮೆಲ್ ಪದರ ತಿಳಿಯಾಗಿ ಉಳಿಯುತ್ತದೆ. ಹಳೆಯ ಕಾಂಪೋಸಿಟ್‌ಗಳಲ್ಲಿ ಕಣಗಳು ದೊಡ್ಡವಾಗಿದ್ದು, ರಾಳ ಸವೆದಂತೆ ಒಂದೊಂದಾಗಿ ಉದುರಿ ಮೇಲ್ಮೈಯನ್ನು ಒರಟು ಮಾಡುತ್ತಿದ್ದವು, ಒರಟಾದ ಮೇಲ್ಮೈ ಬಣ್ಣ ಹೀರುತ್ತಿತ್ತು. ಕಣಗಳು ಸಣ್ಣವಾದ ಮೇಲೆ ಹೊಳಪು ವರ್ಷಗಟ್ಟಲೆ ನಿಲ್ಲುತ್ತಿದೆ. ಕಾಂಪೋಸಿಟ್ ನೋಡಲು ಚೆನ್ನಾಗಿರುವುದಿಲ್ಲ ಎಂಬ ಹಳೆಯ ಮಾತನ್ನು ಇನ್ನೂ ಹೇಳುವವರು ಈ ಬದಲಾವಣೆಯನ್ನು ಗಮನಿಸಿಲ್ಲವೆಂದು ನನ್ನ ಭಾವನೆ.

ಈಗ ಒಂದೊಂದಾಗಿ ವಸ್ತುಗಳಿಗೆ ಬರುತ್ತೇನೆ. ಪದರ ಕಾಂಪೋಸಿಟ್ ಮೊದಲು, ಏಕೆಂದರೆ ನನ್ನ ಮೆಚ್ಚುಗೆಯಲ್ಲಿ ಹೆಚ್ಚಿನ ಪಾಲು ಅದಕ್ಕೇ ಸಲ್ಲುತ್ತದೆ. ಅಬಟ್‌ಮೆಂಟ್ (ಇಂಪ್ಲಾಂಟನ್ನೂ ಕ್ರೌನನ್ನೂ ಜೋಡಿಸುವ ಕಂಬ) ಅಥವಾ ಚೌಕಟ್ಟಿನ ಮೇಲೆ ಮೊದಲು ಅಡಿಯ ಬಣ್ಣ ಮರೆಮಾಡುವ ಒಪೇಕರ್, ಅದರ ಮೇಲೆ ಡೆಂಟಿನ್ ಪದರ, ಅಂಚಿನಲ್ಲಿ ಬೆಳಕು ಹಾಯುವ ನೀಲಿ ಛಾಯೆಯ ಪದರ, ಕೊನೆಗೆ ಎನಾಮೆಲ್, ಹೀಗೆ ಕುಂಚದಿಂದ ಚಿತ್ರ ಬರೆಯುವಂತೆ ಕಟ್ಟಬಹುದು. ಸಹಜ ಎನಾಮೆಲ್ ಮೇಲೆ ಬೆಳಕು ಬಿದ್ದಾಗ ಅಂಚು ತೆಳು ನೀಲಿಯಾಗಿಯೂ, ಹಿಂದಿನಿಂದ ಬೆಳಕು ಹಾದಾಗ ಕಿತ್ತಳೆಯಾಗಿಯೂ ಕಾಣುತ್ತದೆ. ಓಪಲ್ ಕಲ್ಲಿನ ಈ ಗುಣವನ್ನು ನಾನು ಬಳಸುತ್ತಿರುವ ಎನಾಮೆಲ್ ಪೇಸ್ಟ್ ಚೆನ್ನಾಗಿ ಹಿಡಿದಿದೆ. ಬಣ್ಣದ ಪುಡಿ ಬೆರೆಸಿ ತಂದ ನೀಲಿಗೂ ಬೆಳಕು ಚದುರಿ ಹುಟ್ಟಿದ ನೀಲಿಗೂ ಇರುವ ವ್ಯತ್ಯಾಸ ತಲೆಯನ್ನು ತುಸು ಹೊರಳಿಸಿದಾಗ ಗೊತ್ತಾಗುತ್ತದೆ: ಮೊದಲನೆಯದು ಅಂಟಿಕೊಂಡ ಹಾಗೆಯೇ ಇರುತ್ತದೆ, ಎರಡನೆಯದು ಬೆಳಕಿನ ದಿಕ್ಕಿನೊಂದಿಗೆ ಬದಲಾಗುತ್ತದೆ.

ಇದರ ತೊಡಕು ಒಪೇಕರ್‌ನಲ್ಲಿದೆ. ಬೂದು ಲೋಹವನ್ನು ಮರೆಮಾಡಬೇಕೆಂದರೆ ಅಪಾರದರ್ಶಕ ಪದರ ಬೇಕೇ ಬೇಕು, ಆದರೆ ಆ ಪದರ ಮೇಲ್ಮೈಗೆ ಹತ್ತಿರವಾದಷ್ಟೂ ಹಲ್ಲು ಬಿಳಿಚಿಕೊಳ್ಳುತ್ತದೆ. ಬೆಳಕಿಗೆ ಆಳ ಸಿಗಲು ಒಪೇಕರ್ ಮೇಲೆ ಕನಿಷ್ಠ ಒಂದೂವರೆ ಮಿಲಿಮೀಟರ್ ಜಾಗವಾದರೂ ಇರಬೇಕೆಂಬುದು ನನ್ನ ಅನುಭವ. ಇಂಪ್ಲಾಂಟ್ ಇಡುವಾಗ ಕೋನ ತುಸು ಮುಂದಕ್ಕೆ ವಾಲಿದ್ದರೆ ಹಲ್ಲಿನ ಕುತ್ತಿಗೆಯಲ್ಲಿ ಅಷ್ಟು ಜಾಗವೇ ಉಳಿದಿರುವುದಿಲ್ಲ. ಅಂಥ ಕಡೆ ಯಾವ ಒಳ್ಳೆಯ ಪೇಸ್ಟೂ ಪವಾಡ ಮಾಡಲಾರದು. ಇನ್ನೊಂದು ತೊಡಕು ಕೈಯದು. ಪದರಗಳ ನಡುವೆ ಗಾಳಿಗುಳ್ಳೆ ಉಳಿದರೆ ಅದು ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಕೊನೆಯ ಪದರವನ್ನು ಗಾಳಿಯಿಂದ ಮರೆಮಾಡದೆ ಗಟ್ಟಿಗೊಳಿಸಿದರೆ ಆಮ್ಲಜನಕ ತಾಗಿದ ಮೇಲ್ಮೈ ಪೂರ್ತಿ ಗಟ್ಟಿಯಾಗದೆ, ಮುಂದೆ ಅಲ್ಲೇ ಕಲೆ ಹಿಡಿಯುತ್ತದೆ. ಗ್ಲಿಸರಿನ್ ಜೆಲ್ ಹಚ್ಚಿ ಇನ್ನೊಮ್ಮೆ ಬೆಳಕು ಹಾಯಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಆದರೂ ಅವಸರದಲ್ಲಿ ಮೊದಲು ಬಿಟ್ಟುಹೋಗುವ ಹಂತ ಅದೇ.

ಪದರ ಕಾಂಪೋಸಿಟ್‌ಗೆ ಚೌಕಟ್ಟಾಗಿ ಲೋಹದ ಬದಲು ಪೀಕ್ ಎಂಬ ಪಾಲಿಮರ್ ಈಗ ಚಾಲ್ತಿಯಲ್ಲಿದೆ. ಟೈಟಾನಿಯಂನ ಸ್ಥಿತಿಸ್ಥಾಪಕ ಗುಣಾಂಕ (ಬಾಗದೆ ನಿಲ್ಲುವ ಬಿಗಿತದ ಅಳತೆ) ಸುಮಾರು 110 ಗಿಗಾಪಾಸ್ಕಲ್, ಜಿರ್ಕೋನಿಯಾದ್ದು 200ರ ಆಸುಪಾಸು, ಪೀಕ್‌ನದು ಕೇವಲ 4ರ ಹತ್ತಿರ. ಸಹಜ ಹಲ್ಲಿನ ಬೇರಿನ ಸುತ್ತ ಒಂದು ತೆಳುವಾದ ನಾರಿನ ಪದರವಿದ್ದು ಅದು ಅಗಿತದ ಹೊಡೆತವನ್ನು ತಾಳಿಕೊಳ್ಳುತ್ತದೆ. ಮೂಳೆಗೆ ನೇರ ಬೆಸೆದ ಇಂಪ್ಲಾಂಟ್‌ಗೆ ಆ ಮೆತ್ತೆ ಇಲ್ಲ. ಆದ್ದರಿಂದ ಮೇಲಿನ ವಸ್ತುವೇ ತುಸು ಬಾಗಲಿ ಎಂಬ ಯೋಚನೆ ಇಂಪ್ಲಾಂಟ್‌ಗಳಷ್ಟೇ ಹಳೆಯದು, ಆರಂಭದ ಇಂಪ್ಲಾಂಟ್ ಸೇತುವೆಗಳಲ್ಲಿ ಅಕ್ರಿಲಿಕ್ ಹಲ್ಲುಗಳಿದ್ದುದು ಇದೇ ತರ್ಕದಿಂದ. ನೋಟದ ದೃಷ್ಟಿಯಿಂದ ಪೀಕ್‌ನ ಉಪಕಾರ ಏನೆಂದರೆ ಅದು ಬೂದು ಅಲ್ಲ. ಬಿಳಿ ಛಾಯೆಗಳಲ್ಲೂ ಸಿಗುವುದರಿಂದ ಒಪೇಕರ್ ತೆಳುವಾದರೂ ಸಾಕು. ಅಪಕಾರವೂ ಇದೆ. ಅದು ಪೂರ್ತಿ ಅಪಾರದರ್ಶಕ, ಬೆಳಕಿಗೆ ಗೋಡೆಯೇ ಸರಿ. ರಾಸಾಯನಿಕವಾಗಿ ಅದು ಬಹಳ ನಿರ್ಲಿಪ್ತವಾದದ್ದರಿಂದ ಕಾಂಪೋಸಿಟ್ ಅದಕ್ಕೆ ಸುಲಭವಾಗಿ ಅಂಟುವುದಿಲ್ಲ; ಅಲ್ಯೂಮಿನಾ ಪುಡಿಯಿಂದ ಒರಟುಗೊಳಿಸಿ ಅದಕ್ಕೆಂದೇ ಇರುವ ಪ್ರೈಮರ್ ಹಚ್ಚಲೇಬೇಕು. ಆ ಹಂತವನ್ನು ತಪ್ಪಿಸಿ ಕಟ್ಟಿದ ಒಂದು ಕ್ರೌನ್ ಕೆಲವೇ ತಿಂಗಳಲ್ಲಿ ಪದರ ಕಳಚಿಕೊಂಡು ನನ್ನ ಮೇಜಿಗೆ ಬಂದಿತ್ತು, ಚೌಕಟ್ಟಿನ ಮೈ ಕನ್ನಡಿಯಂತೆ ನುಣುಪಾಗಿತ್ತು.

ಎರಡನೆಯದು ಹೈಬ್ರಿಡ್ ಸೆರಾಮಿಕ್ ಬ್ಲಾಕ್. ಈ ವರ್ಗದಲ್ಲಿ ಹೆಸರು ಮಾಡಿದ ವೀಟಾ ಎನಾಮಿಕ್‌ನ ರಚನೆ ಇತರ ಕಾಂಪೋಸಿಟ್‌ಗಳಿಗಿಂತ ಮೂಲದಲ್ಲೇ ಬೇರೆ: ಇಲ್ಲಿ ರಾಳದಲ್ಲಿ ಕಣಗಳು ತೇಲುವುದಿಲ್ಲ, ಸ್ಪಂಜಿನಂತೆ ರಂಧ್ರಗಳಿರುವ ಸೆರಾಮಿಕ್ ಜಾಲದೊಳಕ್ಕೆ ರಾಳವನ್ನು ತುಂಬಿಸಿ ಗಟ್ಟಿಗೊಳಿಸಿರುತ್ತಾರೆ. ತೂಕದಲ್ಲಿ ಶೇ. 86 ಸೆರಾಮಿಕ್, ಶೇ. 14 ಪಾಲಿಮರ್. ಅದರ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 30 ಗಿಗಾಪಾಸ್ಕಲ್, ಎಂದರೆ ಎನಾಮೆಲ್ ಮತ್ತು ಡೆಂಟಿನ್‌ಗಳ ನಡುವೆ ನಿಲ್ಲುತ್ತದೆ. ಕೊರೆದಾಗ ಅಂಚುಗಳು ಚಕ್ಕೆ ಏಳದೆ ತೆಳುವಾಗಿ ಉಳಿಯುತ್ತವೆ, ಕೊರೆದ ಮೇಲೆ ಕುಲುಮೆಯಲ್ಲಿ ಸುಡುವ ಅಗತ್ಯವಿಲ್ಲ. ಒಳಹಲ್ಲುಗಳಿಗೆ ಇದು ನನಗೆ ತೃಪ್ತಿ ಕೊಟ್ಟ ವಸ್ತು. ಸೆರಾಮಿಕ್ ಜಾಲದಲ್ಲಿ ಚದುರಿದ ಬೆಳಕು ಡೆಂಟಿನ್‌ನ ಬೆಳಕಿಗೆ ಸಾಕಷ್ಟು ಹತ್ತಿರವಿದ್ದು, ಮೈಬಣ್ಣ ಬೆಚ್ಚಗಿರುತ್ತದೆ. ಮುಂಹಲ್ಲಿನಲ್ಲಿ ಮಾತ್ರ ಒಂದೇ ವಸ್ತುವಿನಿಂದ ಕೊರೆದ ಹಲ್ಲಿಗೆ ಅಂಚಿನ ಪಾರದರ್ಶಕತೆ ಬರುವುದಿಲ್ಲ. ಬಣ್ಣದ ಹೊರಲೇಪ ಅದನ್ನು ಚಿತ್ರಿಸಬಹುದು, ಆದರೆ ಲೇಪ ಸವೆಯುತ್ತದೆ. ಹಾಗಾಗಿ ಅಂಚನ್ನು ಕತ್ತರಿಸಿ ಹಿಂದಕ್ಕೆ ತಂದು, ಅಲ್ಲಿ ಪದರ ಕಾಂಪೋಸಿಟ್‌ನಿಂದ ಎನಾಮೆಲ್ ಕಟ್ಟುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಈ ಬೆಸುಗೆಗೆ ಅವಕಾಶ ಕೊಡುವುದೇ ಹೈಬ್ರಿಡ್‌ನ ದೊಡ್ಡ ಗುಣ.

ಬ್ಲಾಕ್‌ಗಳ ವಿಷಯದಲ್ಲಿ ಮರೆಯಬಾರದ ಒಂದು ಘಟನೆ ಇದೆ. ರಾಳದಲ್ಲಿ ನ್ಯಾನೋ ಕಣಗಳನ್ನು ತುಂಬಿದ ಲಾವಾ ಅಲ್ಟಿಮೇಟ್ ಎಂಬ ಬ್ಲಾಕನ್ನು ಪೂರ್ಣ ಕ್ರೌನ್‌ಗಳಿಗೆ ಬಳಸುವ ಸೂಚನೆಯನ್ನು ಅದರ ತಯಾರಕರಾದ 3ಎಂ 2015ರಲ್ಲಿ ತಾವೇ ಹಿಂತೆಗೆದುಕೊಂಡರು, ಕಾರಣ ಕ್ರೌನ್‌ಗಳು ಅಂಟು ಬಿಡುವ ಪ್ರಮಾಣ ನಿರೀಕ್ಷೆಗಿಂತ ಹೆಚ್ಚಾಗಿತ್ತು. ವಸ್ತು ಮೃದುವಾದಷ್ಟೂ ಅಗಿಯುವಾಗ ಕ್ರೌನ್ ಬಾಗಿ ಅಂಟಿನ ಗೆರೆಯ ಮೇಲೆ ಎಳೆತ ಬೀಳುತ್ತದೆ; ಅಡಿಯಲ್ಲಿ ಜಿರ್ಕೋನಿಯಾದಂಥ ಬಾಗದ ಅಬಟ್‌ಮೆಂಟ್ ಇದ್ದರೆ ಆ ಎಳೆತ ಇನ್ನಷ್ಟು ತೀವ್ರ. ಮೃದುತ್ವವನ್ನು ಹೊಗಳುವಾಗ ಈ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ತನ್ನ ವಸ್ತುವಿನ ಮಿತಿಯನ್ನು ತಯಾರಕರೇ ಮುಂದೆ ಬಂದು ಒಪ್ಪಿಕೊಂಡದ್ದನ್ನು ನಾನು ಗೌರವದಿಂದ ನೋಡುತ್ತೇನೆ.

ಒಂದೇ ಶೇಡ್‌ನಲ್ಲಿ ಬಂದು ಎಲ್ಲ ಹಲ್ಲುಗಳಿಗೂ ಹೊಂದಿಕೊಳ್ಳುವ ಕಾಂಪೋಸಿಟ್‌ಗಳ ಬಗ್ಗೆ ಅನೇಕರು ನನ್ನನ್ನು ಕೇಳಿದ್ದಾರೆ. ಟೊಕುಯಾಮಾ ಸಂಸ್ಥೆಯ ಓಮ್ನಿಕ್ರೋಮಾದಲ್ಲಿ ಬಣ್ಣದ ಪುಡಿಯೇ ಇಲ್ಲ. 260 ನ್ಯಾನೋಮೀಟರ್ ಗಾತ್ರದ ಏಕರೂಪದ ದುಂಡು ಕಣಗಳು ಕೆಂಪಿನಿಂದ ಹಳದಿವರೆಗಿನ ಬೆಳಕನ್ನು ರಚನೆಯಿಂದಲೇ ಹುಟ್ಟಿಸುತ್ತವೆ, ಆ ಬೆಳಕು ಸುತ್ತಲಿನ ಹಲ್ಲಿನ ಬಣ್ಣದೊಂದಿಗೆ ಬೆರೆಯುತ್ತದೆ. ಸಹಜ ಹಲ್ಲಿನಲ್ಲಿನ ಕುಳಿಗೆ ಇದು ಸುಂದರವಾದ ಪರಿಹಾರ. ಇಂಪ್ಲಾಂಟ್ ಕ್ರೌನ್‌ಗೆ ಮಾತ್ರ ಅದರ ತರ್ಕವೇ ತಿರುಗಿಬೀಳುತ್ತದೆ, ಏಕೆಂದರೆ ಬೆರೆಯಲು ಸುತ್ತ ಹಲ್ಲಿನ ಗೋಡೆ ಇಲ್ಲ, ಹಿಂದೆ ಲೋಹವಿದೆ, ವಸ್ತು ಆ ಲೋಹದ ಬಣ್ಣವನ್ನೇ ಎರವಲು ಪಡೆಯುತ್ತದೆ. ಹಿಂದೆ ಹಲ್ಲಿನ ಆಸರೆ ಇಲ್ಲದ ಕಡೆ ಅಡಿಗೆ ಹಾಕಲೆಂದು ತಯಾರಕರೇ ಬ್ಲಾಕರ್ ಎಂಬ ಅಪಾರದರ್ಶಕ ಪೇಸ್ಟನ್ನು ಪ್ರತ್ಯೇಕವಾಗಿ ಕೊಡುತ್ತಾರೆ. ಆದರೂ ಬಣ್ಣದ ಪುಡಿಯನ್ನು ಬಿಟ್ಟು ಕಣದ ಗಾತ್ರದಿಂದ ಬಣ್ಣ ತರುವ ಈ ದಾರಿಯೇ ಮುಂದಿನ ದಾರಿ ಎಂದು ನನಗೆ ಅನ್ನಿಸುತ್ತದೆ. ಪುಡಿ ಬೆಳಕನ್ನು ನುಂಗುತ್ತದೆ, ಕಣ ಬೆಳಕನ್ನು ಹಂಚುತ್ತದೆ.

ಮುದ್ರಣದ ರಾಳದ ಬಗ್ಗೆ ಹೆಚ್ಚು ಹೇಳಲಾರೆ. ಮುದ್ರಿಸಲು ದ್ರವ ಹರಿಯಬೇಕು, ಹರಿಯಬೇಕೆಂದರೆ ಫಿಲ್ಲರ್ ಕಡಿಮೆ ಇರಬೇಕು, ಫಿಲ್ಲರ್ ಕಡಿಮೆಯಾದರೆ ಹೊಳಪೂ ಬಣ್ಣದ ಸ್ಥಿರತೆಯೂ ಕಡಿಮೆ. ಒಸಡು ರೂಪುಗೊಳ್ಳುವವರೆಗಿನ ತಾತ್ಕಾಲಿಕ ಕ್ರೌನ್‌ಗೆ ಇದು ಬಹಳ ಉಪಯುಕ್ತ. ಆಕಾರವನ್ನು ರೋಗಿ ಒಪ್ಪಿದ ಮೇಲೆ ಅದೇ ಕಡತದಿಂದ ಶಾಶ್ವತ ಕ್ರೌನ್ ಮಾಡಬಹುದು. ಶಾಶ್ವತ ಮುಂಹಲ್ಲಿಗೆ ನಾನು ಇದನ್ನು ಇನ್ನೂ ಒಪ್ಪಿಲ್ಲ.

ನೋಟದ ಪರೀಕ್ಷೆಯಲ್ಲಿ ಹೆಚ್ಚಿನವರು ಮರೆಯುವುದು ಪ್ರತಿದೀಪ್ತಿ. ಸಹಜ ಡೆಂಟಿನ್ ನೇರಳಾತೀತ ಬೆಳಕಿನಲ್ಲಿ ನೀಲಿ ಬಿಳುಪಾಗಿ ಮಿನುಗುತ್ತದೆ. ಹಗಲು ಬೆಳಕಿನಲ್ಲೂ ಈ ಮಿನುಗಿನ ಒಂದಂಶವಿದ್ದು ಹಲ್ಲಿಗೆ ಜೀವ ತುಂಬುತ್ತದೆ. ಪಿಂಗಾಣಿಯಲ್ಲಿ ಇದನ್ನು ತರಲು ಒಂದು ಕಾಲದಲ್ಲಿ ಯುರೇನಿಯಂ ಸಂಯುಕ್ತಗಳನ್ನು ಬೆರೆಸುತ್ತಿದ್ದರು, ಅನಂತರ ಅಪರೂಪದ ಭಸ್ಮ ಲೋಹಗಳ ಆಕ್ಸೈಡ್‌ಗಳು ಆ ಜಾಗಕ್ಕೆ ಬಂದವು. ವೇದಿಕೆಯಲ್ಲಿ ನರ್ತಿಸುವ ಒಬ್ಬರಿಗೆ ನಾನು ಕಟ್ಟಿಕೊಟ್ಟ ಮೇಲ್ದವಡೆಯ ಹಲ್ಲು ಹಗಲಿನಲ್ಲಿ ಯಾರೂ ಗುರುತಿಸಲಾಗದಷ್ಟು ಹೊಂದಿತ್ತು. ವೇದಿಕೆಯ ನೇರಳೆ ದೀಪ ಹೊತ್ತಿದಾಗ ಆ ಒಂದು ಹಲ್ಲು ಉದುರಿಹೋದಂತೆ ಕಪ್ಪಾಗಿ ಕಂಡಿತಂತೆ. ಅವರು ಹೇಳುವಾಗ ಕಣ್ಣು ತುಂಬಿಕೊಂಡಿದ್ದರು. ಆ ಕ್ರೌನನ್ನು ನಾನು ಬಿಚ್ಚಿ ಹೊಸದಾಗಿ ಕಟ್ಟಿದೆ, ಅಂದಿನಿಂದ ಪ್ರತಿಯೊಂದು ಹೊಸ ಪೇಸ್ಟನ್ನೂ ನೇರಳಾತೀತ ದೀಪದ ಕೆಳಗೆ ಸಹಜ ಹಲ್ಲೊಂದರ ಪಕ್ಕದಲ್ಲಿಟ್ಟು ನೋಡುತ್ತೇನೆ. ಎನಾಮೆಲ್ ಪೇಸ್ಟ್‌ಗಳಲ್ಲಿ ಮಿನುಗು ಅತಿಯಾಗಿಯೂ ಡೆಂಟಿನ್ ಪೇಸ್ಟ್‌ಗಳಲ್ಲಿ ಕಡಿಮೆಯಾಗಿಯೂ ಇರುವುದನ್ನು ಕಂಡಿದ್ದೇನೆ, ಸಹಜ ಹಲ್ಲಿನಲ್ಲಿ ಇದು ಸರಿಯಾಗಿ ತಿರುಗುಮುರುಗು.

ಒಸಡಿನ ವಿಷಯವೂ ಕಾಂಪೋಸಿಟ್‌ನದೇ. ಹಲ್ಲು ಹೋದ ಮೇಲೆ ಮೂಳೆ ಕುಗ್ಗಿ ಒಸಡು ಮೇಲೆ ಸರಿದಿದ್ದರೆ, ಉದ್ದನೆಯ ಹಲ್ಲು ಕಟ್ಟುವುದಕ್ಕಿಂತ ಗುಲಾಬಿ ಕಾಂಪೋಸಿಟ್‌ನಿಂದ ಕಳೆದುಹೋದ ಒಸಡನ್ನೇ ಕಟ್ಟುವುದು ಮೇಲು. ಈಗ ಸಿಗುವ ಗುಲಾಬಿಗಳಲ್ಲಿ ತಿಳಿ ಗುಲಾಬಿ, ಕೆಂಪು, ಕಂದು, ನೇರಳೆ ಛಾಯೆಗಳಿದ್ದು, ಕಂದು ಒಸಡಿನವರಿಗೂ ಹೊಂದಿಸಲು ಸಾಧ್ಯವಾಗಿರುವುದು ದೊಡ್ಡ ಸುಧಾರಣೆ. ಆದರೆ ಕಾಂಪೋಸಿಟನ್ನು ಒಸಡಿನ ಒಳಕ್ಕೆ ಆಳವಾಗಿ ಇಳಿಸಬಾರದು; ಅಲ್ಲಿ ನುಣುಪಾಗಿ ಉಜ್ಜಿದ ಜಿರ್ಕೋನಿಯಾ ಅಥವಾ ಟೈಟಾನಿಯಂ ಇರುವುದೇ ಅಂಗಾಂಶಕ್ಕೆ ಹಿತ. ಟೈಟಾನಿಯಂನ್ನೇ ಗುಲಾಬಿಯಾಗಿಸುವ ಉಪಾಯವೂ ಇದೆ: ವಿದ್ಯುತ್ ಹಾಯಿಸಿ ಆಕ್ಸೈಡ್ ಪದರದ ದಪ್ಪವನ್ನು ಬದಲಿಸಿದರೆ ಬೆಳಕಿನ ಅಲೆಗಳು ಒಂದರೊಡನೊಂದು ಸೇರುವ ರೀತಿ ಬದಲಾಗಿ, ಯಾವ ಬಣ್ಣವನ್ನೂ ಹಚ್ಚದೆಯೇ ಲೋಹ ಗುಲಾಬಿಯಾಗಿಯೋ ಚಿನ್ನದಂತೆಯೋ ಕಾಣುತ್ತದೆ. ತೆಳು ಒಸಡಿನಡಿಯಲ್ಲಿ ಬೂದುಬಣ್ಣ ಇರುವುದಕ್ಕಿಂತ ಇದು ಎಷ್ಟೋ ಮೇಲು.

ಬಾಳಿಕೆಯಲ್ಲಿ ಕಾಂಪೋಸಿಟ್ ಪಿಂಗಾಣಿಗೆ ಸಮನಲ್ಲ. ರಾಳ ನೀರು ಹೀರುತ್ತದೆ, ನೀರಿನೊಡನೆ ಬಣ್ಣವೂ ಒಳಸೇರುತ್ತದೆ. ಬೆಳಕಿನಿಂದ ಗಟ್ಟಿಗೊಳ್ಳಲು ಬಳಸುವ ಕ್ಯಾಂಫರ್‌ಕ್ವಿನೋನ್ ಸ್ವತಃ ಹಳದಿ, ಅದರ ಜೊತೆ ಸೇರಿಸುವ ಅಮೀನ್ ಎಂಬ ರಾಸಾಯನಿಕ ಕಾಲಕ್ರಮದಲ್ಲಿ ಹಳದಿಯಾಗುತ್ತದೆ. ಬಣ್ಣದ ವ್ಯತ್ಯಾಸವನ್ನು ಡೆಲ್ಟಾ ಇ ಎಂಬ ಅಂಕಿಯಲ್ಲಿ ಅಳೆಯುತ್ತಾರೆ, 1.2ರ ಸುಮಾರಿಗೆ ನೋಡುವವರಲ್ಲಿ ಅರ್ಧದಷ್ಟು ಜನಕ್ಕೆ ವ್ಯತ್ಯಾಸ ತಿಳಿಯುತ್ತದೆ, 2.7ರ ಸುಮಾರಿಗೆ ಅರ್ಧದಷ್ಟು ಜನ ಅದನ್ನು ಒಪ್ಪುವುದಿಲ್ಲ. ಉಜ್ಜದೆ ಬಿಟ್ಟ ಕಾಂಪೋಸಿಟ್ ಈ ಎರಡನೆಯ ಗೆರೆಯನ್ನು ಬೇಗ ದಾಟುತ್ತದೆ. ಇದಕ್ಕೆ ಎದುರಾಗಿ ಒಂದು ದೊಡ್ಡ ಸಮಾಧಾನವಿದೆ: ಕಾಂಪೋಸಿಟನ್ನು ಬಾಯಿಯಲ್ಲೇ ಮತ್ತೆ ಉಜ್ಜಬಹುದು, ಚಕ್ಕೆ ಎದ್ದರೆ ಅಲ್ಲೇ ತುಂಬಬಹುದು. ಪಿಂಗಾಣಿ ಒಡೆದರೆ ಹೆಚ್ಚಿನ ಸಲ ಕ್ರೌನನ್ನೇ ಬಿಚ್ಚಬೇಕಾಗುತ್ತದೆ. ವಯಸ್ಸಾದಂತೆ ಪಕ್ಕದ ಸಹಜ ಹಲ್ಲಿನ ಬಣ್ಣವೂ ಬದಲಾಗುವುದರಿಂದ, ತಿದ್ದಲು ಬರುವ ವಸ್ತುವನ್ನು ನಾನು ದುರ್ಬಲವೆಂದು ಕರೆಯಲಾರೆ.

ಈ ವಸ್ತುಗಳನ್ನು ರೂಪಿಸುವವರಿಗೆ ನನ್ನದೊಂದು ಕೋರಿಕೆ. ಶೇಡ್ ತುಂಡುಗಳನ್ನು ಬಿಳಿ ಅಥವಾ ಕಪ್ಪು ಹಿನ್ನೆಲೆಯ ಮೇಲೆ ಮಾತ್ರ ಅಳೆದು ತೋರಿಸುವ ಬದಲು ಟೈಟಾನಿಯಂ, ಜಿರ್ಕೋನಿಯಾ ಮತ್ತು ಪೀಕ್ ಮೂರರ ಮೇಲೂ, ಬೇರೆ ಬೇರೆ ದಪ್ಪದಲ್ಲಿ ಅಳೆದು ಡಬ್ಬಿಯೊಂದಿಗೆ ಕೊಡಲಿ. ಅದು ಸಿಗುವವರೆಗೆ ನಾನೇ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಹೊಸ ಡಬ್ಬಿ ಬಂದಾಗಲೆಲ್ಲ ಟೈಟಾನಿಯಂ ಬಿಲ್ಲೆಯೊಂದರ ಮೇಲೆ ಅದೇ ಪೇಸ್ಟನ್ನು 1, 1.5 ಮತ್ತು 2 ಮಿಲಿಮೀಟರ್‌ಗಳ ಮೆಟ್ಟಿಲಾಗಿ ಕಟ್ಟಿ, ಉಜ್ಜಿ, ನೀರಿನಲ್ಲಿಟ್ಟು, ಕಿಟಕಿಯ ಬೆಳಕಿನಲ್ಲೂ ನೇರಳಾತೀತ ದೀಪದಲ್ಲೂ ತಿಂಗಳಿಗೊಮ್ಮೆ ನೋಡುತ್ತೇನೆ. ಈಗ ಮೇಜಿನ ಮೇಲಿರುವ ಮೂರು ಬಿಲ್ಲೆಗಳಲ್ಲಿ ಮುದ್ರಣದ ರಾಳದ ಎಲ್ಲ ಮೆಟ್ಟಿಲುಗಳಲ್ಲೂ ಲೋಹ ತೋರುತ್ತಿದೆ. ಹೈಬ್ರಿಡ್ ಬ್ಲಾಕಿನ ಚೂರು 2 ಮಿಲಿಮೀಟರಿನಲ್ಲಿ ಲೋಹವನ್ನು ಮುಚ್ಚಿದೆ, ಆದರೆ ತುಸು ಮಂಕಾಗಿದೆ. ತೆಳು ಒಪೇಕರ್ ಮೇಲೆ ಕಟ್ಟಿದ ಪದರ ಕಾಂಪೋಸಿಟ್‌ನ 1.5 ಮಿಲಿಮೀಟರ್ ಮೆಟ್ಟಿಲಿನಲ್ಲೇ ಬೂದು ಮಾಯವಾಗಿದೆ, ಅಂಚಿನಲ್ಲಿ ಆ ತೆಳು ನೀಲಿ ಇನ್ನೂ ಉಳಿದಿದೆ.